ನೀಲಮ ಮೇಡಂ ಕೈತುತ್ತು

ಏಕಸಂಬಿ
೮ ಫೆಬ್ರವರಿ ೨೦೨೬

ಚಿ. ಮೇಘಾಳಿಗೆ,

ನಿನ್ನ ಅವ್ವ ರೂಪಾಲಿಯ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ಉತ್ತರ ತಡವಾಯಿತು, ಸಿಟ್ಟಾಗಬೇಡ ಮಗಳೇ. ಕಬ್ಬು ಕಡಿಯುವವರು ಬಂದಿದ್ದರು, ಅಜ್ಜಿಗೆ ಮೊಣಕಾಲು ನೋವು, ಮನೆಯಲ್ಲಿ ನೂರೆಂಟು ಕೆಲಸ ಅಂತೆಲ್ಲ ಬರೆಯಬಹುದು. ಆದರೆ ನಿಜ ಬೇರೆ. ನಿನ್ನ ಪತ್ರ ಓದಿ ನನಗೆ ಹೊಟ್ಟೆಕಿಚ್ಚಾಯಿತು. ತಣ್ಣಗಾಗಲಿ, ಆಮೇಲೆ ಬರೆದರಾಯಿತು ಅಂತ ಕಾದೆ. ತಣ್ಣಗಾಗಲಿಲ್ಲ.

ನೀವು ನಿಜವಾಗಿ ಆಕಾಶಕ್ಕೆ ಹೊರಟಾಗ ಒಬ್ಬೊಬ್ಬ ಮಗುವಿನ ಕಿವಿಯಲ್ಲಿ ಒಬ್ಬರೇ ಒಬ್ಬರ ದನಿ ಇರುತ್ತದೆ, ಎಬ್ಬಿಸುವುದು, ಉಣಿಸುವುದು, ಸಮಾಧಾನ ಹೇಳುವುದು ಎಲ್ಲ ಆ ದನಿಯೇ, ಯಾರದೆಂದು ಮಕ್ಕಳೇ ಆರಿಸಬೇಕು ಅಂತ ಬರೆದಿದ್ದೆಯಲ್ಲ. ನೀನು ನನ್ನ ದನಿಯನ್ನೇ ಆರಿಸುತ್ತೀಯೆಂದು ಅಂದಿನಿಂದ ನಿಮ್ಮ ಆಕಾಶಯಾನದ ಶಾಲೆಯ ಫೋನಿಗೆ ಕಾಯುತ್ತಿದ್ದೇನೆ. ಕೊಟ್ಟಿಗೆಯಲ್ಲಿ ನಿಂತು ದನಿ ಸರಿಮಾಡಿಕೊಂಡು, "ಏಳ ಮೇಘಾ, ಬೆಳಗಾತು" ಅಂತ ಅಭ್ಯಾಸ ಮಾಡುತ್ತಿದ್ದರೆ ನಿಮ್ಮಪ್ಪ ಬಾಗಿಲಲ್ಲಿ ನಿಂತು, "ಎಮ್ಮಿ ಆಗ್ಲೇ ಎದ್ದೈತಿ, ಇನ್ನ ಸಾಕ ಮಾಡ" ಅಂದರು. ನಗಲಿ ಬಿಡು.

ನಿನ್ನ ಪತ್ರವನ್ನು ಅವರೇ ಎಲ್ಲರಿಗೂ ಓದಿ ಹೇಳಿದರು. ತರಬೇತಿಗೆಂದು ಆಕಾಶನೌಕೆಯ ಹಾಗೆಯೇ ಕಟ್ಟಿದ ಕೋಣೆ, ಒಳಗೆ ಐದು ಮಕ್ಕಳು, ನೀನು ನಾಯಕಿ. ಕಿಟಕಿಯ ಸೂರ್ಯ ಒಂದೂವರೆ ತಾಸಿಗೊಮ್ಮೆ ಹುಟ್ಟಿ ಮುಳುಗುತ್ತಾನೆ ಅಂತ ಕೇಳಿದ್ದೇ ಅಜ್ಜಿ ಬಾಯಿ ಮೇಲೆ ಕೈಯಿಟ್ಟರು. "ಹಂಗಾದ್ರ ನಮ್ಮ ಕೂಸು ಉಣ್ಣೂದು ಯಾವಾಗ ಬೇ?" ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದ ಜೈನರ ಮನೆಯವರಿಗೆ ಹೊಳೆಯುವುದು ಮೊದಲು ಅದೇ ಅಲ್ಲವೇ?

ನಿನಗೂ ಅದೇ ಹೊಳೆದಿತ್ತು. ಹೊತ್ತು ಇರುವಾಗ ಕೆಲಸ, ಬುತ್ತಿ ಬಿಚ್ಚುವಷ್ಟರಲ್ಲಿ ಕಿಟಕಿಯಲ್ಲಿ ಕತ್ತಲು. ನೀನು ಬುತ್ತಿ ಮುಚ್ಚಿಟ್ಟೆ. ಮತ್ತೆ ಕೆಲಸ, ಮತ್ತೆ ಕತ್ತಲು. ಉಳಿದ ನಾಲ್ವರಿಗೆ ಯಾವ ನೇಮವೂ ಇರಲಿಲ್ಲ, ಆದರೂ ನಾಯಕಿ ಉಣ್ಣಲಿಲ್ಲವೆಂದು ಅವರೂ ಉಣ್ಣಲಿಲ್ಲ. ಅವರಿಗೆ ಹಸಿವೇ ಇಲ್ಲ ಅಂದುಕೊಂಡೆಯಂತೆ ನೀನು, ಜಾಣೆ! ಕೊನೆಗೆ ವಿಶಾಲ ಅನ್ನುವ ಹುಡುಗ ತಲೆ ತಿರುಗಿ ಬಿದ್ದ.

ಆಗ ಬಾಗಿಲು ತೆಗೆದು ಬಂದವರು ನಿಮ್ಮ ಗುರು ನೀಲಮ ಮೇಡಂ. ಬೈಯಲಿಲ್ಲ. ಅನ್ನ ಕಲಸಿ ತುತ್ತನ್ನು ನಿನ್ನ ಬಾಯಿಗೆ ಹಿಡಿದು, "ನೀ ಉಂಡ್ರ ಅವ್ರು ಉಣ್ತಾರ. ಮುಂದ ನಿಂತವರ ಹೊಟ್ಟಿ ತಮ್ಮೊಬ್ಬರದ ಅಲ್ಲ, ತಂಗಿ" ಅಂದರು. ಕಿಟಕಿಯಲ್ಲಿ ಕತ್ತಲಿತ್ತು. ನೀನು ಉಂಡೆ.

ಅಜ್ಜಿ ಕಣ್ಣೊರೆಸಿಕೊಂಡು, "ಹಸದವರಿಗೆ ಉಣಸಾಕ ಉಂಡಾಳ, ಏನೂ ಪಾಪ ಇಲ್ಲ" ಅಂದರು. ಅಪ್ಪ ಓಣಿಗೆಲ್ಲ ಪೇಢೆ ಹಂಚಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನೀನೋ ಊರಿಗೇ ಮುದ್ದಾಗಿದ್ದೀ. ನಾನೊಬ್ಬಳು ನನ್ನ ಪಾಲಿನ ಪೇಢೆಯನ್ನು ಎಮ್ಮೆಗೆ ಹಾಕಿದೆ.

ಹೋದ ವರ್ಷ ನಿನಗೆ ಮೈ ಸುಡುವ ಜ್ವರ ಬಂದಾಗ ದೀಪ ಹಚ್ಚಿದ ಮೇಲೆ ಹಾಲು ಹಿಡಿದು ಎಷ್ಟು ಅಂಗಲಾಚಿದ್ದೆ. "ಸಣ್ಣವರಿಗೆ ನಡೀತೈತಿ, ಒಂದ ಗುಟುಕ ಕುಡಿ" ಅಂದರೆ ಗೋಡೆಗೆ ಮುಖ ತಿರುಗಿಸಿದೆ. "ನೇಮ ಕಲಿಸಿದಾಕಿ ನೀನ, ಬಿಡಸಾಕಿನೂ ನೀನ ಏನವ್ವಾ?" ಅಂದೆ. ನನ್ನ ಕಣ್ಣೀರಿಗೆ ತೆರೆಯದ ಬಾಯಿ ಆ ಮೇಡಂ ಒಂದು ಮಾತಿಗೆ ತೆರೆಯಿತು. ಅವರು ಕಲಿಸಿದ್ದು ಸರಿ, ನೀನು ಕಲಿತದ್ದೂ ಸರಿ. ಆದರೂ ಆ ಹೆಂಗಸಿನ ಕೈ ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೆತ್ತವಳು ನಾನು, ತುತ್ತು ಅವರದೇ?

ಇರಲಿ. ಜೊತೆಯವರು ಉಂಡರೋ ಇಲ್ಲವೋ ಕೇಳಿಯೇ ಮಲಗು. ನಿನಗೆ ಒಳ್ಳೆಯದಾಗಲಿ, ಜಿನೇಂದ್ರ ಕಾಯಲಿ.

ಇಂತಿ ನಿನ್ನ ಅವ್ವ,
ರೂಪಾಲಿ

ತಾ.ಕ.: ಲಕೋಟೆ ಅಂಟಿಸುತ್ತಿದ್ದೆ, ಶಾಲೆಯಿಂದ ಫೋನ್ ಬಂತು. ನೀಲಮ ಮೇಡಂ. ನೀನು ಅವರ ದನಿ ಆರಿಸಿದ್ದೀಯಂತೆ. "ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆಕೀನ್ನ ಹೆಂಗ ಎಬ್ಬಸ್ತೀರಿ, ಹೆಂಗ ಉಣಸ್ತೀರಿ, ಎಲ್ಲಾ ಹೇಳಿ ಕೊಡ್ರಿ" ಅಂದರು. ಹೇಳಿಕೊಟ್ಟೆ. ಎಬ್ಬಿಸುವಾಗ ಗದರಬಾರದು, ಅಳುವಾಗ ಮಾತಾಡಿಸಬಾರದು, ಎಲ್ಲ ಹೇಳಿದೆ. ನೀನು ಅಷ್ಟು ದೂರ ಹೋಗುವವಳು, ಹೇಳದೆ ಹೇಗಿರಲಿ? "ಉಣಸುವಾಗ ಏನಂತ ಕರೀತೀರಿ?" ಅಂತ ಕೇಳಿದರು. "ಮೇಘಾ ಅಂತನ ರೀ" ಅಂದೆ. ಸುಳ್ಳು. ಉಣಿಸುವಾಗ ನಾನು ಕರೆಯುವ ಆ ಮುದ್ದಿನ ಹೆಸರೊಂದನ್ನು ಕೊಡಲು ನನ್ನಿಂದ ಆಗಲಿಲ್ಲ. ನಿಮಗೆ ಬರುವ ಪತ್ರಗಳನ್ನೆಲ್ಲ ಮೊದಲು ಅವರೇ ಓದುತ್ತಾರಂತೆ, ಅದಕ್ಕೇ ಇಲ್ಲಿಯೂ ಬರೆದಿಲ್ಲ. ಅಲ್ಲಿ ಮೇಲೆ ನಿನ್ನನ್ನು ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಕೇಳಬೇಕು ಅನಿಸಿದರೆ ಮನೆಗೆ ಬಾ.