ಕನ್ನಡಕ ತೆಗೆದಿಟ್ಟ ಮೇಲೆ ಓದಬೇಕಾದ ಅಕ್ಷರಗಳು

ಮಾನ್ಯರೇ,

ನಿದ್ದೆಗೆಂದು ಮಾರುವ ಪೂರಕ ಮಾತ್ರೆಗಳ ಡಬ್ಬಿಯ ಮೇಲೆ ಏನನ್ನು, ಎಷ್ಟು ದೊಡ್ಡದಾಗಿ ಅಚ್ಚು ಹಾಕಬೇಕೆಂದು ನೋಡಿ ಒಪ್ಪಿಗೆಯ ಮುದ್ರೆ ಒತ್ತುವವರು ತಾವು. ತಾವು ಒಪ್ಪಿದ ಅಕ್ಷರಗಳ ಕೃಪೆಯಿಂದ ನಾನು ಎರಡು ತಿಂಗಳು ಸರಿಯಾಗಿ ಕಣ್ಣು ಮುಚ್ಚಲಿಲ್ಲ. ಕಣ್ಣು ಮುಚ್ಚದ ತಪ್ಪಿಗೆ, ಇಪ್ಪತ್ತಾರು ವರ್ಷದಿಂದ ನಾನು ಗಾಜು ಉಜ್ಜುತ್ತಿದ್ದ ಮೇಜು ಕೈಬಿಟ್ಟು ಹೋಗಿದೆ. ಅದನ್ನು ವಾಪಸು ಕೊಡಿಸುವ ಶಕ್ತಿ ಈ ಭೂಮಿಯ ಮೇಲೆ ತಮಗೊಬ್ಬರಿಗೇ ಇರುವುದರಿಂದ ಈ ಪತ್ರ.

ನಾನು ಕನ್ನಡಕದ ಅಂಗಡಿಯವನು. ಅಕ್ಷರ ಕಾಣುವುದಿಲ್ಲ ಎಂದು ಕನ್ನಡಕದವನೇ ದೂರುತ್ತಾನಲ್ಲ ಎಂದು ತಾವು ನಗುತ್ತಿದ್ದರೆ ನಗಿ. ನನ್ನ ಹೆಂಡತಿ ನಕ್ಕು ಮುಗಿಸಿ ಬಹಳ ದಿನವಾಯಿತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಆಕೆ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ, ಈಗ ‘ದೀಪ’ ಎಂದ ಕೂಡಲೇ ನಾನೇ ಎದ್ದು ಹೊರಗೆ ಹೋಗುತ್ತೇನೆ.

ಕತೆ ಇಷ್ಟೇ. ಐವತ್ತು ದಾಟಿದ ಮೇಲೆ ನನ್ನ ನಿದ್ದೆ ತೆಳ್ಳಗಾಯಿತು. ವೈದ್ಯರಿಗೆ ತೋರಿಸುವುದು ಬಿಟ್ಟು ಊರಿಗೆಲ್ಲ ಹೇಳಿಕೊಂಡೆ. ನಿದ್ದೆ ಬಾರದವನಿಗೆ ಸಲಹೆ ಕೊಡಲಾರದ ಮನುಷ್ಯ ಇನ್ನೂ ಹುಟ್ಟಿಲ್ಲ. ಪಕ್ಕದ ದರ್ಜಿ ಮೆಗ್ನೀಸಿಯಂ ಎಂದ. ಎದುರಿನ ಬೀಗದ ಕೈಯವನು, ಅದೆಲ್ಲ ಹಳೇ ಕಾಲದ್ದು, ಈಗ ಮೆಲಟೋನಿನ್ ಎಂದ. ನನ್ನ ಅಕ್ಕ ಯಾವುದೋ ಬೇರಿನ ಪುಡಿ ಕಳಿಸಿದಳು. ಅದರ ವಾಸನೆಗೆ ನಿದ್ದೆ ಬಂತೋ ಇಲ್ಲವೋ, ಮನೆಯ ಬೆಕ್ಕು ಮಾತ್ರ ಮೂರು ದಿನ ಒಳಗೆ ಬರಲಿಲ್ಲ. ಔಷಧಿ ಅಂಗಡಿಯಲ್ಲಿ ಇವುಗಳಲ್ಲಿ ಯಾವುದು ಒಳ್ಳೆಯದೆಂದು ಕೇಳಿದರೆ, ಅಲ್ಲಿಯವರು ಇಡೀ ಕಪಾಟನ್ನೇ ತೋರಿಸಿ, ಎಲ್ಲವೂ ಚೆನ್ನಾಗಿ ಹೋಗುತ್ತವೆ ಎಂದರು. ಎಲ್ಲಿಗೆ ಹೋಗುತ್ತವೆ ಎಂದು ಕೇಳಲು ನನಗೆ ತೋಚಲಿಲ್ಲ.

ಆ ಕಪಾಟನ್ನು ತಾವು ಎಂದಾದರೂ ಕಣ್ಣಾರೆ ನೋಡಿದ್ದೀರಾ? ಪ್ರತಿ ಡಬ್ಬಿಯ ಮೇಲೂ ಒಬ್ಬ ಚಂದ್ರ, ಅವನ ಕೆಳಗೆ ನಿದ್ರಿಸುತ್ತಿರುವ ಒಬ್ಬ ಸುಂದರಿ. ತಲೆಗೂದಲು ಕೆದರಿಲ್ಲ, ಬಾಯಿ ತೆರೆದಿಲ್ಲ, ದಿಂಬು ನೆಲಕ್ಕೆ ಬಿದ್ದಿಲ್ಲ. ಇದನ್ನು ನಿದ್ದೆ ಎಂದು ಪ್ರಮಾಣೀಕರಿಸಿದವರು ಯಾರು ಸ್ವಾಮಿ? ಮುಂಭಾಗದಲ್ಲಿ ಹೆಬ್ಬೆರಳಿನಷ್ಟು ದಪ್ಪ ಅಂಕಿಯಲ್ಲಿ ‘ಐನೂರು ಮಿಲಿಗ್ರಾಂ’. ಹಿಂದೆ ತಿರುಗಿಸಿದರೆ, ಆ ಐನೂರು ಮೂರು ಮಾತ್ರೆ ಸೇರಿದಾಗ ಎಂಬ ಸತ್ಯ ಸಾಸಿವೆಯ ಕಾಲು ಭಾಗದಷ್ಟು. ಇನ್ನೊಂದು ಡಬ್ಬಿಯಲ್ಲಿ ಒಂಬತ್ತು ಪದಾರ್ಥಗಳ ‘ವಿಶಿಷ್ಟ ಮಿಶ್ರಣ’. ಯಾವುದು ಎಷ್ಟಿದೆ ಎಂಬುದು ಕಂಪನಿಯ ಗುಟ್ಟಂತೆ. ನನ್ನ ಹೊಟ್ಟೆಯೊಳಗೆ ಏನು ಹೋಗುತ್ತಿದೆ ಎಂಬುದು ನನ್ನಿಂದಲೇ ಮುಚ್ಚಿಡಬೇಕಾದ ಗುಟ್ಟೇ? ನಾನೂ ಹಾಗೆಯೇ, ನಂಬರು ಹೇಳುವುದಿಲ್ಲ, ಇದು ನಮ್ಮ ವಿಶಿಷ್ಟ ಕನ್ನಡಕ, ಹಾಕಿಕೊಂಡು ರಸ್ತೆ ದಾಟಿ ಎಂದರೆ ತಾವು ಸುಮ್ಮನಿರುತ್ತೀರಾ?

ಕೊನೆಗೆ ನಾನು ಆರಿಸಿದ್ದು ಅತ್ಯಂತ ಸರಳವಾಗಿ ಕಂಡದ್ದನ್ನು. ಬೆಳ್ಳಿ ಬಣ್ಣದ ಪೊಟ್ಟಣ, ಬಿಳಿ ಮಾತ್ರೆ ಒಂದು ಸಾಲು, ನೀಲಿ ಮಾತ್ರೆ ಒಂದು ಸಾಲು. ಮೇಲೆ ದೊಡ್ಡದಾಗಿ ‘ನೆಮ್ಮದಿಯ ನಿದ್ದೆಗೆ ದಿನಕ್ಕೆ ಎರಡು’. ಹಾಸಿಗೆಯ ಅಂಚಿನಲ್ಲಿ ಕೂತು, ಕನ್ನಡಕ ತೆಗೆದಿಟ್ಟು, ಒಂದು ಬಿಳಿ ಒಂದು ನೀಲಿ ಒಟ್ಟಿಗೆ ನುಂಗಿ, ನೀರು ಕುಡಿದು ಮಲಗುತ್ತಿದ್ದೆ. ಮಲಗುತ್ತಿದ್ದೆ ಅಷ್ಟೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಒಳಗೆ ಅದೇ ಆಗುತ್ತಿತ್ತು. ಕಣ್ಣಿಗೆ ತೂಕಡಿಕೆ, ಎದೆಯಲ್ಲಿ ಓಟದ ಪಂದ್ಯ. ಸಾಲದೆಂದು ಉಳಿದ ಡಬ್ಬಿಗಳನ್ನೂ ಒಂದೊಂದಾಗಿ ಕೊಂಡು ಸೇರಿಸಿದೆ.

ಫಲ ಅಂಗಡಿಯಲ್ಲಿ ಕಾಣಿಸಿತು. ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿಗೆ ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನ ಕನ್ನಡಕ ಮಾಡಬೇಕಿತ್ತು. ಓದುವ ಭಾಗ ಕೆಳಗಿರಬೇಕು. ನಾನು ತೂಕಡಿಸುತ್ತಾ ಎರಡೂ ಗಾಜನ್ನು ತಲೆಕೆಳಗಾಗಿ ಕೂರಿಸಿದ್ದೆ. ಮೂರನೆಯ ದಿನ ಅವರು ಬಂದರು. ಬೈಯಲಿಲ್ಲ. ಕೌಂಟರಿನ ಮೇಲೆ ಪತ್ರಿಕೆ ಹರಡಿ, ಗದ್ದವನ್ನು ಎದೆಗೊತ್ತಿ ಓದಿ ತೋರಿಸಿ, ಮೆಲ್ಲಗೆ ಹೇಳಿದರು:

“ನಲವತ್ತು ವರ್ಷ ಸರ್ವಿಸಲ್ಲಿ ಯಾರ ಮುಂದೇನೂ ತಲೆ ಬಗ್ಗಿಸಿದವಳಲ್ಲಪ್ಪ ನಾನು. ಈಗ ಹವಾಮಾನ ವರದಿಗೆ ಬಗ್ಗಿಸ್ತಾ ಇದ್ದೀನಿ.”

ಅಂಗಡಿಯಲ್ಲಿ ನನಗೆ ಅರ್ಧ ಪಾಲು, ಇನ್ನರ್ಧ ಹೆಂಡತಿಗೆ. ಆ ಇನ್ನರ್ಧ ಅಂದು ಸಂಜೆಯೇ ತೀರ್ಪು ಕೊಟ್ಟಿತು: “ರೀ, ಮೊದಲು ನಿದ್ದೆ ಮಾಡಿ. ಆಮೇಲೆ ಮೆಷಿನ್ ಮುಟ್ಟಿ.” ಮರುದಿನದಿಂದ ನನ್ನ ಮೇಜಿನಲ್ಲಿ ಆಕೆಯ ತಮ್ಮ. ನನ್ನ ಕೈಗೆ ಫ್ರೇಮುಗಳ ಧೂಳು ಒರೆಸುವ ಬಟ್ಟೆ.

ಆಗ ಬುದ್ಧಿ ಬಂದು ವೈದ್ಯೆಯ ಬಳಿ ಹೋದೆ. ತಿನ್ನುವುದನ್ನೆಲ್ಲ ತನ್ನಿ ಎಂದರು. ಏಳು ಡಬ್ಬಿ ಸಾಲಾಗಿ ಇಟ್ಟೆ. ಬೇರೆ ಬೇರೆ ಹೆಸರಿನ ಮೂರರಲ್ಲಿ ಇದ್ದದ್ದು ಒಂದೇ ಪದಾರ್ಥ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ನಾನು ಇವನ್ನೆಲ್ಲ ಕೇಳದೆ ಬೆರೆಸಬಾರದಿತ್ತು ಎಂದು ಗದರಿದರು. ಬೆಳ್ಳಿ ಪೊಟ್ಟಣದ ಹಿಂಬದಿಗೆ ಬಂದಾಗ ಮಾತ್ರ ಅವರೂ ನಿಂತರು. ಬೆಳ್ಳಿಯ ಮೇಲೆ ಬೂದು ಅಕ್ಷರ. ಕಿಟಕಿಗೆ ಹಿಡಿದರು, ದೂರ ಹಿಡಿದರು, ಕೊನೆಗೆ ನಿಮ್ಮ ಅಂಗಡಿಯ ಭೂತಗನ್ನಡಿ ತನ್ನಿ ಎಂದರು. ಓಡಿಹೋಗಿ ತಂದೆ. ಇಬ್ಬರೂ ತಲೆಗೆ ತಲೆ ತಾಗಿಸಿ ಓದಿದೆವು: ನೀಲಿ ರಾತ್ರಿಗೆ. ಬಿಳಿ ಬೆಳಿಗ್ಗೆಗೆ, ಚಹಾ ಎಲೆಯ ಸತ್ವ ಸೇರಿದೆ, ದಿನವಿಡೀ ಚುರುಕಾಗಿರಲು.

“ಮಲಗೋ ಹೊತ್ತಿಗೆ ದಿನಾ ಚಹಾ ನುಂಗಿದ್ದೀರಿ,” ಎಂದರು ವೈದ್ಯೆ. ನಗು ತಡೆಯಲು ನನ್ನ ಭೂತಗನ್ನಡಿಯನ್ನೇ ಬಾಯಿಗೆ ಅಡ್ಡ ಹಿಡಿದರು. ಅದರಲ್ಲಿ ಆ ನಗು ಮೂರು ಪಟ್ಟು ದೊಡ್ಡದಾಗಿ ಕಂಡಿತು.

ಏಳೂ ಡಬ್ಬಿ ನಿಲ್ಲಿಸಿದರು. ಮಧ್ಯಾಹ್ನದ ಮೇಲೆ ಕಾಫಿ ಬೇಡ, ದಿನಾ ಒಂದೇ ಹೊತ್ತಿಗೆ ಏಳಿ, ಮುಂದೆ ಬೇಕೆನಿಸಿದರೆ ಒಂದೇ ಒಂದು ಪೂರಕ, ಅದೂ ಕಡಿಮೆ ಪ್ರಮಾಣದಲ್ಲಿ, ನನ್ನನ್ನು ಕೇಳಿ ಎಂದರು. ಈಗ ಮೂರು ವಾರದಿಂದ ಗೊರಕೆ ಹೊಡೆದು ಮಲಗುತ್ತಿದ್ದೇನೆ. ಮನೆಯವರ ಸಾಕ್ಷ್ಯವಿದೆ, ದೂರಿನ ರೂಪದಲ್ಲಿ.

ಸರಿ, ಮೇಜು ಕೊಡು ಎಂದೆ. ಹೆಂಡತಿ ಒಪ್ಪಲಿಲ್ಲ. ನಿದ್ದೆಯ ವಿಷಯ ಮುಗಿಯಿತು, ಈಗ ಪ್ರಶ್ನೆ ಓದದೆ ನುಂಗಿದ ಬುದ್ಧಿಯದಂತೆ. “ಆ ಪೊಟ್ಟಣಾನ ಯಾರಿಂದಲೂ ಓದೋಕೆ ಆಗಲ್ಲ ಅಂತ ಅದಕ್ಕೆ ಮುದ್ರೆ ಒತ್ತಿದ ಆಫೀಸಿನವರೇ ಬರೆದು ಕೊಡಲಿ, ನಾಳೆನೇ ಮೇಜು ನಿಮ್ಮದು. ಅಲ್ಲೀವರೆಗೂ ತಪ್ಪು ನಿಮ್ಮದು.”

ತಪ್ಪಿನಲ್ಲಿ ನನಗೂ ಅರ್ಧ ಪಾಲಿದೆ, ಒಪ್ಪಿದೆ. ಆದರೆ ಮಾನ್ಯರೇ, ನೆಮ್ಮದಿಯ ನಿದ್ದೆಗೆ ಎಂದು ಬರೆಸುತ್ತೀರಿ, ನಾವು ಮಲಗುವ ಹೊತ್ತಿಗೆ ನುಂಗುತ್ತೇವೆ. ಮಲಗುವ ಮುನ್ನ ಲೋಕದ ಜನ ಏನು ಮಾಡುತ್ತಾರೆ? ಕನ್ನಡಕ ತೆಗೆದಿಡುತ್ತಾರೆ. ಕನ್ನಡಕ ಹಾಕಿಕೊಂಡರೂ ಕಾಣದ್ದನ್ನು, ತೆಗೆದ ಮೇಲೆ ಓದಿಕೊಳ್ಳಲಿ ಎಂದು ಬಿಟ್ಟಿರುವ ತಮ್ಮ ಆತ್ಮವಿಶ್ವಾಸಕ್ಕೆ ಕೈಮುಗಿಯಬೇಕು.

ಆದ್ದರಿಂದ ನನ್ನ ಒತ್ತಾಯ: ತಾವು ಖುದ್ದಾಗಿ ನಮ್ಮ ಅಂಗಡಿಗೆ ಬನ್ನಿ. ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸುತ್ತೇನೆ. ಗೋಡೆಯ ಫಲಕವನ್ನು ಓದಬೇಕಾಗಿಲ್ಲ. ಆ ಬೆಳ್ಳಿ ಪೊಟ್ಟಣವನ್ನು ಕೈಗೆ ಕೊಡುತ್ತೇನೆ. ಓದಿದರೆ ಈ ಪತ್ರವನ್ನು ವಾಪಸು ಪಡೆದು, ಬದುಕಿರುವ ತನಕ ಧೂಳು ಒರೆಸುತ್ತೇನೆ. ಓದಲಾಗದಿದ್ದರೆ ಎರಡು ಕೆಲಸ ಮಾಡಿ. ಯಾವ ಪದಾರ್ಥ ಎಷ್ಟಿದೆ, ಯಾವಾಗ ನುಂಗಬೇಕು, ಯಾವುದರ ಜೊತೆ ಬೆರೆಸಬಾರದು ಎಂಬುದನ್ನು ಆ ಚಂದ್ರನಷ್ಟೇ ದೊಡ್ಡದಾಗಿ ಅಚ್ಚು ಹಾಕಿಸಿ. ಮತ್ತು ನನ್ನ ಹೆಂಡತಿಗೆ ಒಂದು ಸಾಲಿನ ಚೀಟಿ ಬರೆದುಕೊಡಿ.

ದಯವಿಟ್ಟು ಬೇಗ ಬನ್ನಿ. ಭಾಮೈದ ಮೊನ್ನೆ ಮೇಜಿನ ದೀಪವನ್ನು ತನ್ನ ಎಡಗಡೆಗೆ ತಿರುಗಿಸಿಕೊಂಡ, ನಿನ್ನೆ ಕುರ್ಚಿಯನ್ನು ನಾಲ್ಕು ಬೆರಳು ಇಳಿಸಿಕೊಂಡ. ಇಂದು ಬೆಳಿಗ್ಗೆ ಅದರ ಮೇಲೆ ಹಾಕಿಕೊಳ್ಳಲು ಮನೆಯಿಂದ ಮೆತ್ತೆ ತಂದಿದ್ದಾನೆ.

ಇಂತಿ,
ನಿದ್ದೆ ಸಿಕ್ಕಿಯೂ ನೆಮ್ಮದಿ ಸಿಗದ,
ಕನ್ನಡಕದಂಗಡಿಯ ಅರ್ಧ ಮಾಲೀಕ