ಹದಿನಾಲ್ಕನೇ ಹಾಸಿಗೆಯ ಕೆಂಪು ಗುರುತು

ಮಾರ್ಚ್ ೩, ಬೆಳಿಗ್ಗೆ ೮.೧೦
ಔಷಧದ ಫ್ರಿಜ್ ಐದು ಡಿಗ್ರಿ. ಸರಿ ಇದೆ. ಈ ತಿಂಗಳಿಂದ ಆಸ್ಪತ್ರೆಯ ಫಾರ್ಮಸಿಯಲ್ಲಿ ಎರಡು ದಾಖಲೆ — ಹಳೆಯ ರಿಜಿಸ್ಟರ್ ಹಾಸಿಗೆ ನಂಬರಿನ ಪ್ರಕಾರ, ಹೊಸ ಕಂಪ್ಯೂಟರ್ ಹೆಸರಿನ ಪ್ರಕಾರ. ಯಾವುದನ್ನು ನಂಬಬೇಕು ಎಂದು ಕೇಳಿದೆ. "ಎರಡನ್ನೂ ನಂಬಿ ಸ್ವಾಮಿ," ಎಂದರು ಮೇಲಧಿಕಾರಿ.

ಮಾರ್ಚ್ ೪, ೧೧.೩೦
ರಿಜಿಸ್ಟರಿನಲ್ಲಿ ಹಾಸಿಗೆ ೧೪ಕ್ಕೆ ಕೆಂಪು ಗುರುತು: ಪೆನಿಸಿಲಿನ್ ಆಗದು. ಹೋದ ವಾರದ್ದು, ನನ್ನದೇ ಅಕ್ಷರ. ಕಂಪ್ಯೂಟರಿನಲ್ಲಿ ೧೪ರವರ ಅಲರ್ಜಿ ಕಾಲಂ ಖಾಲಿ. ಖಾಲಿ ಎಂದರೆ ಇಲ್ಲವೆಂದೋ, ಯಾರೂ ಕೇಳಿಲ್ಲವೆಂದೋ? ವಾರ್ಡಿಗೆ ಫೋನ್ ಮಾಡಿದೆ.
"ನಿನ್ನೆ ಸಂಜೆ ಅದೇ ಇಂಜೆಕ್ಷನ್ ತಗೊಂಡ್ರಲ್ಲ ಸಾರ್," ಎಂದರು ಸಿಸ್ಟರ್. "ಗುಂಡುಕಲ್ಲಿನ ಹಾಗಿದ್ದಾರೆ."
ಸಂಜೆ ಪಾಳಿಯವರು ಕಂಪ್ಯೂಟರ್ ನೋಡಿ ಕಳಿಸಿದ್ದರಂತೆ. ಹಾಗಾದರೆ ನಾನು ಬರೆದದ್ದು ತಪ್ಪೇ? ಯಾರು ಹೇಳಿ ಬರೆದೆನೋ ನೆನಪಿಲ್ಲ. ಗುರುತು ಹೊಡೆದುಹಾಕಲು ಪೆನ್ ತೆಗೆದೆ... ಮತ್ತೆ ಜೇಬಿಗಿಟ್ಟೆ.

ಅದೇ ದಿನ, ಸಂಜೆ
ಹೆಂಡತಿಗೆ ಹೇಳಿದೆ. ನಕ್ಕಳು.
"ನಮ್ಮನೆ ಡಬ್ಬಿ ಕಥೇನೇ. ಮೇಲೆ ಸಕ್ಕರೆ ಅಂತ ಚೀಟಿ, ಒಳಗೆ ಉಪ್ಪು. ಅಂಟಿಸಿದ್ದು ನೀವೇ."
"ಅಂಟಿಸಿದಾಗ ಸಕ್ಕರೇನೇ ಇತ್ತು."
"ಆಮೇಲೆ ನಾನು ಸುರಿದು ಬೇರೆ ಹಾಕಿದೆ. ಪಾಪ, ಚೀಟಿಗೇನು ಗೊತ್ತು?"

ಮಾರ್ಚ್ ೫, ೧೦.೧೫
ಬೆಳಿಗ್ಗೆ ಖುದ್ದಾಗಿ ವಾರ್ಡಿಗೆ ಹೋದೆ. ೧೪ರಲ್ಲಿ ನಿವೃತ್ತ ಬಸ್ ಡ್ರೈವರ್.
"ಅಲರ್ಜೀನಾ? ನಂಗಾ? ಕಬ್ಬಿಣ ಕೊಟ್ರೂ ಅರಗಿಸ್ಕೋತೀನಿ. ಅದು ಟೈಲರಣ್ಣಂಗೆ ಇರೋದು. ಇಲ್ಲಿ ಫ್ಯಾನ್ ಗಾಳಿ ಅವರ ತಲೆಗೆ ಬಡೀತಿತ್ತು. ಭಾನುವಾರ ಹಾಸಿಗೆ ಬದಲಾಯಿಸ್ಕೊಂಡ್ವಿ. ಅವರೀಗ ಒಂಬತ್ತರಲ್ಲಿ."
ಒಂಬತ್ತು. ಅರ್ಧ ಗಂಟೆ ಹಿಂದೆ ಅಲ್ಲಿಗೆ ಪೆನಿಸಿಲಿನ್ ಕಳಿಸಿದವನು ನಾನೇ. ರಿಜಿಸ್ಟರಿನಲ್ಲಿ ಒಂಬತ್ತಕ್ಕೆ ಗುರುತಿರಲಿಲ್ಲ, ಕಂಪ್ಯೂಟರಿನಲ್ಲೂ ಅಲರ್ಜಿ ಕಾಲಂ ಖಾಲಿ. ಓಡಿದೆ.
ಟೈಲರ್ ದಿಂಬಿಗೊರಗಿ ಕೂತಿದ್ದರು. ತುಂಬಿದ ಸಿರಿಂಜ್ ತಟ್ಟೆಯಲ್ಲೇ ಇತ್ತು.
"ನಲವತ್ತು ವರ್ಷ ಸೂಜಿ ಹಿಡಿದೋನು ನಾನು. ಯಾವ ಸೂಜಿ ಅಂತ ಕೇಳದೆ ಚುಚ್ಚಿಸ್ಕೋತೀನಾ?"

೧೧.೦೫
ರಿಜಿಸ್ಟರ್ ತಿರುವಿದೆ. ಇನ್ನೂ ಹನ್ನೊಂದು ಕೆಂಪು ಗುರುತು. ಎಲ್ಲವೂ ಹಾಸಿಗೆಗಳಿಗೆ. ಎಷ್ಟು ಜನ ಜಾಗ ಬದಲಿಸಿದ್ದಾರೋ...
೨೨ಕ್ಕೆ ಅದೇ ಇಂಜೆಕ್ಷನ್ ಬೇಕೆಂದು ವಾರ್ಡಿನಿಂದ ಫೋನ್. ಬೇಗ ಬೇಕಂತೆ. ಹೆಸರು ಹೇಳಿ, ಅಲರ್ಜಿ ಇದೆಯೇ ಎಂದು ಅವರನ್ನೇ ಕೇಳಿ ತಿಳಿಸಿ, ಆಮೇಲೆ ಕಳಿಸುತ್ತೇನೆ ಎಂದೆ.
"ಇಪ್ಪತ್ತೆರಡು ಅಂದ್ರೆ ಸಾಲದಾ ಸಾರ್?"
"ಸಾಲದು."
"ಅಯ್ಯೋ... ತಡೀರಿ. ಇವತ್ತು ಅಲ್ಲಿ ಯಾರಿದ್ದಾರೆ ಅಂತ ನೋಡ್ಕೊಂಡು ಬರ್ತೀನಿ."
ರಿಸೀವರ್ ಕಿವಿಗೆ ಆನಿಸಿಕೊಂಡೇ ಬರೆಯುತ್ತಿದ್ದೇನೆ. ಚಪ್ಪಲಿ ಸದ್ದು ದೂರ ಹೋಯಿತು. ಇನ್ನೂ ಬಂದಿಲ್ಲ —