ಲಂಗೋಟಿಗಳನ್ನು ಕಳಿಸುವುದಿಲ್ಲ

ಕಾಂದಿವಲಿ, ೨೬ ಜುಲೈ ೧೯೫೬, ಗುರುವಾರ.
ಮಧ್ಯಾಹ್ನ. ಮಳೆ ನಿಂತಿಲ್ಲ. ಇವರು ಗಿರಣಿಯ ಆಫೀಸಿಗೆ ಹೋಗಿದ್ದಾರೆ. ನೀಲಾ ಬೆಳಗಿನ ಶಾಲೆ ಮುಗಿಸಿ ಬಂದು ಮಲಗಿದ್ದಾಳೆ. ಐದು ತಿಂಗಳ ಗದಿಗೆಪ್ಪ ನನ್ನ ಪಕ್ಕದಲ್ಲಿ ಬೋರಲು ಬಿದ್ದು ಚಾಪೆಯ ಅಂಚು ಚೀಪುತ್ತಿದ್ದಾನೆ.

ಪ್ರೀತಿಯ ಕಾಶವ್ವಕ್ಕನವರಿಗೆ,

ನಿಮ್ಮ ಕಾರ್ಡು ಮುಟ್ಟಿತು. ಪಂಚಮಿ ಮುಗಿಸಿಕೊಂಡು, ಶ್ರಾವಣದ ಮೊದಲ ಸೋಮವಾರ ನೀವೂ ಭಾವನವರೂ ಬಂದು ಗದಿಗೆಪ್ಪನನ್ನು ವಿಜಾಪುರಕ್ಕೆ ಕರೆದುಕೊಂಡು ಹೋಗುವುದಾಗಿ ಬರೆಸಿದ್ದೀರಿ. ಅವನ ಲಂಗೋಟಿಗಳನ್ನೂ ಕಟ್ಟಿಡಬೇಕು, ಹೊಸವು ಬೇಡ, ನನ್ನ ಸೀರೆ ಹರಿದು ಮಾಡಿದ ಹಳೆಯವೇ ಇರಲಿ ಎಂದಿದ್ದೀರಿ. "ನಿನ್ನ ಸೀರಿ ವಾಸನಿ ಇದ್ರ ಕೂಸು ಅಳೂದಿಲ್ಲ. ಎಂಟ ದಿನ ಅವನ್ನ ಕಟ್ಟತೀನಿ. ಆಮ್ಯಾಲೆ ನನ್ನ ಸೀರೀವು." ನೀವು ಹೇಳಿದ ಹಾಗೆಯೇ ಭಾವನವರು ಬರೆದಿದ್ದಾರೆ. ಈ ಪತ್ರವನ್ನು ನಿಮಗೆ ಓದಿ ಹೇಳುವವರೂ ಅವರೇ. ಭಾವನವರೇ, ಸಿಟ್ಟು ಬಂದರೂ ನಡುವೆ ನಿಲ್ಲಿಸಬೇಡಿ. ಯಾವ ಸಾಲನ್ನೂ ಮೆತ್ತಗೆ ಮಾಡಬೇಡಿ.

ಲಂಗೋಟಿಗಳನ್ನು ಕಳಿಸುವುದಿಲ್ಲ, ಅಕ್ಕ. ಗದಿಗೆಪ್ಪನನ್ನೂ.

ಇಲ್ಲಿ ಜೂನ್‌ನಿಂದ ಬಿಸಿಲಿಲ್ಲ. ಗ್ಯಾಲರಿಯ ಹಗ್ಗದ ಮೇಲೆ ಎರಡು ದಿನ ಹಾಕಿದರೂ ಅರಿವೆ ಹಸಿಯಾಗಿಯೇ ಇರುತ್ತದೆ. ಇದ್ದಿಲಿನ ಸಿಗಡಿ ಒಲೆಯ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಹರಡಿ ಒಣಗಿಸಬೇಕು. ಸ್ವಲ್ಪ ಮರೆತರೆ ಕಂದು ಕಲೆ ಬೀಳುತ್ತದೆ. ಪಕ್ಕದ ಖೋಲಿಯ ರಾಜೀವಿ ಉಡುಪಿಯ ಕಡೆಯವಳು, ಗಂಡ ಮಾಟುಂಗದ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ದಿನವೂ ಬಾಗಿಲಲ್ಲಿ ನಿಂತು, "ನಮ್ಮ ಹೋಟ್ಲಲ್ಲಿ ಇಡ್ಲಿ ಇಷ್ಟು ಬೇಯುದಿಲ್ಲ ಮಾರಾಯ್ತಿ, ನಿಮ್ಮಲ್ಲಿ ಲಂಗೋಟಿ ಬೇಯ್ತದೆ" ಎನ್ನುತ್ತಾಳೆ. ಆದ್ದರಿಂದ ಅಕ್ಕ, ಆ ಅರಿವೆಗಳಲ್ಲಿ ಈಗಿರುವುದು ಇದ್ದಿಲಿನ ಹೊಗೆಯ ವಾಸನೆ. ನನ್ನ ವಾಸನೆ ನನ್ನ ಮೈಮೇಲೆಯೇ ಇದೆ. ಅದನ್ನು ಮಡಿಚಿ ಟ್ರಂಕಿನಲ್ಲಿಟ್ಟು ಕಳಿಸಲು ಬರುವುದಿಲ್ಲ.

ಆದರೂ ನಿಮ್ಮ ಕಾರ್ಡು ಬಂದ ದಿನ ನಾನು ಮಡಿಚಲು ಕುಳಿತೆ. ಮೂಲೆಗೆ ಮೂಲೆ ಕೂಡಿಸಿ ಮುಕ್ಕೋನವಾಗಿ ಮಡಿಚಿ, ಗಂಡುಕೂಸಿಗೆ ಮುಂದೆ ದಪ್ಪ ಬರುವಂತೆ ತುದಿಯನ್ನು ಮೇಲಕ್ಕೆ ತಿರುಗಿಸಿ, ಒಂದರ ಮೇಲೊಂದು ಇಡುತ್ತ ಹೋದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಎರಡು ರಾಶಿಗಳಾಗಿದ್ದವು. ಗಟ್ಟಿಯಾದವು, ಅಂಚು ಹೊಲಿದವು ಒಂದು ಕಡೆ. ಸವೆದವು, ಕಲೆ ಬಿದ್ದವು ಇನ್ನೊಂದು ಕಡೆ. ಪರಸ್ಥಳಕ್ಕೆ ಹೋಗುವವನಿಗೆ ಒಳ್ಳೆಯವು, ಇಲ್ಲಿ ನೆಲ ಒರೆಸುವುದಕ್ಕೆ ಹರಕು. ನನ್ನ ಮಗನನ್ನು ಕಳಿಸುವ ಕೆಲಸವನ್ನು ನಾನಾಗಲೇ ಅರ್ಧ ಮುಗಿಸಿದ್ದೆ. ಎರಡು ರಾಶಿಗಳನ್ನೂ ಕೈಯಿಂದ ಕಲಸಿಬಿಟ್ಟೆ. ತೀರ್ಮಾನವಾದದ್ದು ಆಗಲೇ. ಆಮೇಲೆ ಮಾಡಿದ್ದು ಬರೀ ಮಾತು ಹುಡುಕುವ ಕೆಲಸ.

ನೀವು ಮಾಡಿದ್ದನ್ನು ನಾನು ಮರೆತಿಲ್ಲ. ಹೆತ್ತ ತಾಯಿ ಇಲ್ಲದ ನನಗೆ ನೀಲಾಳ ಬಾಣಂತನ ಮಾಡಿದವರು ವಾರಗಿತ್ತಿಯಾದ ನೀವು. ಮದುವೆಯಾದ ವರ್ಷದಿಂದ, ಮುಂದೆ ಹುಟ್ಟುವ ನಿಮ್ಮ ಮಕ್ಕಳಿಗೆಂದು ಹರಿದು, ಅಂಚು ಹೊಲಿದು, ಟ್ರಂಕಿನ ತಳದಲ್ಲಿಟ್ಟಿದ್ದ ಅರಿವೆಗಳನ್ನೆಲ್ಲ ಹೊರಗೆ ತೆಗೆದು ನನ್ನ ಮಗಳಿಗೆ ಕಟ್ಟಿದಿರಿ. ಒಂದನ್ನೂ ಹಿಂದಕ್ಕೆ ಇಟ್ಟುಕೊಳ್ಳಲಿಲ್ಲ. ಲಂಗೋಟಿ ಕಟ್ಟಲು ನನಗೆ ಕಲಿಸಿದವರೂ ನೀವೇ. "ಗಂಟು ಹೊಟ್ಟಿ ಮ್ಯಾಲೆ ಬರಬಾರದು, ಬಗಲಿಗೆ ಬರಬೇಕು. ಬೋರಲ ಬಿದ್ರ ಕೂಸಿಗೆ ಒತ್ತತೈತಿ." ಈಗಲೂ ಹಾಗೆಯೇ ಕಟ್ಟುತ್ತೇನೆ. ಅತ್ತೆಯವರ ಮೇಲೆ, ಭಾವನವರ ಮೇಲೆ ಸಿಟ್ಟು ಮಾಡುವುದು ಸುಲಭ. ನಿಮ್ಮ ಮೇಲೆ ಸಿಟ್ಟೇ ಇಲ್ಲದೆ ನಿಮಗೇ ಇಲ್ಲವೆನ್ನಬೇಕಾಗಿದೆ.

ನೀಲಾಳ ಹೆಸರಿಟ್ಟ ದಿನ ತೊಟ್ಟಿಲು ತೂಗುತ್ತ ನೀವು ಅತ್ತಿರಿ. ಅತ್ತೆಯವರು ಕೂಡಿದ ಹೆಂಗಸರ ಎದುರಿಗೆ, "ಎರಡನೇದು ನಿಂದು ಕಾಶವ್ವಾ, ಅಳಬ್ಯಾಡ" ಎಂದರು. ಹೆಂಗಸರೆಲ್ಲ ಅತ್ತೆ ಅಂಬವ್ವನ ಮನಸ್ಸು ದೊಡ್ಡದು ಎಂದು ಹೊಗಳಿದರು. ನಾನು ಅಲ್ಲೇ, ಒಳಗಿನ ಹೊರಸಿನ ಮೇಲೆ, ತಲೆಗೆ ಅರಿವೆ ಸುತ್ತಿಕೊಂಡು ಕುಳಿತಿದ್ದೆ. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಇನ್ನೂ ಹುಟ್ಟದ ಕೂಸನ್ನು ಕೊಟ್ಟದ್ದಾಯಿತು, ಎಲೆ ಅಡಿಕೆ ಹಂಚಿದ್ದಾಯಿತು.

ಕಾರ್ಡು ಓದಿದ ಸಂಜೆ ಇವರನ್ನು ಕೇಳಿದೆ. ತಲೆ ಎತ್ತದೆ, "ಅವ್ವ ಮಂದ್ಯಾಗ ಮಾತು ಕೊಟ್ಟಾಳ, ದಾನೀ" ಎಂದರು. ಕೊಟ್ಟ ಮಾತನ್ನು ಅತ್ತೆಯವರು ತಮ್ಮ ಸ್ವಂತದ್ದರಲ್ಲಿ ನಡೆಸಿಕೊಡಲಿ. ಅವರ ಚಿನ್ನದ ಸರ ಇದೆ, ಹೊಲವಿದೆ.

ಮಾಟುಂಗದ ಕನ್ನಡ ಲೈಬ್ರರಿಯಿಂದ ಇವರು ನನಗೆ ಅನುವಾದದ ಕಾದಂಬರಿಗಳನ್ನು ತಂದುಕೊಡುತ್ತಾರೆ. ಬಂಗಾಳದ, ರಶಿಯಾದ ಹೆಂಗಸರು ಅವುಗಳಲ್ಲಿ ತಮ್ಮ ಮಕ್ಕಳನ್ನು ಇನ್ನೊಬ್ಬರ ಮಡಿಲಿಗೆ ಹಾಕಿ ದೊಡ್ಡವರಾಗುತ್ತಾರೆ. ಓದಿ ನಾನೂ ಅತ್ತಿದ್ದೇನೆ. ಆದರೆ ಮಾರನೆಯ ಬೆಳಿಗ್ಗೆ ಹಾಲು ತುಂಬಿ ಕುಪ್ಪಸ ತೊಯ್ದಾಗ ಆ ಹೆಂಗಸು ಏನು ಮಾಡಿದಳು ಎಂದು ಹುಡುಕಿದರೆ ಸಿಗುವುದಿಲ್ಲ. ಅಷ್ಟರಲ್ಲಿ ಅಧ್ಯಾಯ ಮುಗಿದಿರುತ್ತದೆ. ಅಂಥ ದೊಡ್ಡತನ ನನಗೆ ಬೇಡ. ಊರಿನಲ್ಲಿ ನನ್ನನ್ನು ಸಣ್ಣ ಮನಸ್ಸಿನವಳು, ಮುಂಬಯಿ ನೀರು ಕುಡಿದು ಕೆಟ್ಟವಳು ಎನ್ನುತ್ತಾರೆ. ಅನ್ನಲಿ. ನೀವೂ ಅನ್ನಿ, ನಿಮಗೆ ಆ ಹಕ್ಕಿದೆ.

ಆದರೆ ಬರುವುದನ್ನು ಬಿಡಬೇಡಿ. ಬನ್ನಿ, ಶ್ರಾವಣವೆಲ್ಲ ಇರಿ. ನೀರೆರೆಯುವಾಗ ಅವನು ನನ್ನ ಕೈಯಲ್ಲಿ ಚೀರುತ್ತಾನೆ, ನಿಮ್ಮ ಕೈಯಲ್ಲಿ ಸುಮ್ಮನಿರಬಹುದು. ನಿಮ್ಮ ಸೀರೆಯ ಅರಿವೆಗಳನ್ನೂ ತನ್ನಿ, ಈ ಮಳೆಯಲ್ಲಿ ಎಷ್ಟಿದ್ದರೂ ಸಾಲದು. ಅವನ್ನೂ ಕಟ್ಟುತ್ತೇನೆ. ನೀಲಾಳಿಗೆ ರಜೆ ಸಿಕ್ಕಾಗ, ಇವನು ನಡೆಯುವಂತಾದಾಗ, ಇಬ್ಬರನ್ನೂ ಕರೆದುಕೊಂಡು ನಾನೇ ಬರುತ್ತೇನೆ. ಈ ಸಲ ಹಿಂದಿರುಗುವಾಗ ಮಾತ್ರ ನೀವಿಬ್ಬರೇ.

ಇವರಿಗೆ ಇನ್ನೂ ಹೇಳಿಲ್ಲ. ಪತ್ರವನ್ನು ಅವರ ಕೈಗೆ ಕೊಟ್ಟರೆ ಅದು ಕೋಟಿನ ಜೇಬಿನಲ್ಲೇ ಉಳಿದೀತು, ಆದ್ದರಿಂದ ಮಳೆ ಸ್ವಲ್ಪ ಕಡಿಮೆಯಾದೊಡನೆ ಗದಿಗೆಪ್ಪನನ್ನು ಎತ್ತಿಕೊಂಡು, ನೀಲಾಳ ಕೈ ಹಿಡಿದು, ಸ್ಟೇಷನ್ನಿನ ಟಪಾಲು ಡಬ್ಬಿಗೆ ನಾನೇ ಹಾಕಿ ಬರುತ್ತೇನೆ. ಸಂಜೆ ಅವರು ಲೋಕಲ್ ಇಳಿದು ಬಂದು ಕೊಡೆ ಮಡಿಚುತ್ತಿರುವಾಗಲೇ ಹೇಳುತ್ತೇನೆ. ಊಟದ ತನಕ ಕಾಯುವುದಿಲ್ಲ. ಅವರು ಒಪ್ಪದಿದ್ದರೂ ಆ ಸೋಮವಾರ ನಿಮಗೆ ಬಾಗಿಲು ತೆಗೆಯುವವಳು ನಾನು, ಕೂಸು ನನ್ನ ಬಗಲಲ್ಲಿರುತ್ತದೆ.

ಭಾವನವರಿಗೂ ಅತ್ತೆಯವರಿಗೂ ಶರಣು ಹೇಳಿ. ನಿಮ್ಮ ಕಾಲಿಗೆ ಇಲ್ಲಿಂದಲೇ ಹಣೆ ಹಚ್ಚುತ್ತೇನೆ. ಶಿವ ನಿಮ್ಮನ್ನು ನೂರು ವರ್ಷ ಚೆನ್ನಾಗಿಟ್ಟಿರಲಿ, ಗದಿಗೆಪ್ಪನ ದೊಡ್ಡವ್ವನಾಗಿ.

ನಿಮ್ಮ ತಂಗಿ,
ದಾನವ್ವ